ಅವ್ವನ ಗೊರಕೆಗೆ ಮೈಕು

ಸಂಗೀತ ತೀರಾ ಮೆಲ್ಲಗಾದ ಹೊತ್ತಿಗೇ ಪಕ್ಕದಲ್ಲಿದ್ದ ಅವ್ವ ಗೊರಕೆ ಶುರುಮಾಡಿದಳು. ಇಡೀ ಸಭಾಂಗಣ ನಮ್ಮ ಕಡೆ ತಿರುಗಿತು.

ವೇದಿಕೆಯ ಮೇಲಿದ್ದದ್ದು ನಾನು ಕಾಲೇಜು ದಿನಗಳಿಂದ ಹುಚ್ಚನಂತೆ ಕೇಳುತ್ತಿದ್ದ ವಿದೇಶಿ ಜೋಡಿ. ಸಿಂಥಸೈಜರಿನ ನಿಧಾನ ನಾದಕ್ಕೆ ಹಕ್ಕಿ, ಅಲೆ, ರೈಲಿನ ಸದ್ದು ಬೆರೆಸಿ ಕನಸಿನಂಥ ಸಂಗೀತ ಕಟ್ಟುವವರು. ಅವರಿಗಾಗಿಯೇ ಬ್ಯಾಂಕಿಗೆ ರಜೆ ಹಾಕಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಬಂದಿದ್ದೆ. ಧಾರವಾಡದಿಂದ ಬಂದಿದ್ದ ಅವ್ವನನ್ನು ಕನಕದುರ್ಗೆಯ ದರ್ಶನದ ಆಸೆ ತೋರಿಸಿ ಕರೆತಂದಿದ್ದೆ. ಬೆಳಗ್ಗೆ ಗುಡ್ಡ ಹತ್ತಿದ ಸುಸ್ತು ಈಗ ಸೇಡು ತೀರಿಸಿಕೊಳ್ಳುತ್ತಿತ್ತು.

"ಅಮ್ಮಗಾರ್ನಿ ಲೇಪಂಡಿ ಸಾರ್" ಎಂದು, ಅವ್ವನನ್ನು ಎಬ್ಬಿಸುವಂತೆ ಹಿಂದಿನವರು ತೆಲುಗಿನಲ್ಲಿ ಸಿಡುಕಿದರು. ಅಲುಗಾಡಿಸಿದೆ. ಗೊರಕೆ ಇನ್ನಷ್ಟು ಜೋರಾಯಿತು.

ಆ ಜೋಡಿಯಲ್ಲೊಬ್ಬ ಮೈಕು ಹಿಡಿದು ನೇರ ನಮ್ಮತ್ತ ಇಳಿದುಬಂದ. ಹೊರಗೆ ಕಳಿಸುತ್ತಾರೆ ಎಂದುಕೊಂಡು ಚಪ್ಪಲಿ ಹುಡುಕತೊಡಗಿದೆ. ಅವನೋ, ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿ, ಮಂಡಿಯೂರಿ ಅವ್ವನ ಮುಂದೆ ಮೈಕು ಹಿಡಿದ. ವೇದಿಕೆಯಲ್ಲಿದ್ದವನು ತಾಳವನ್ನು ಅವಳ ಉಸಿರಿಗೆ ಹೊಂದಿಸಿದ. ಸ್ಪೀಕರುಗಳಲ್ಲಿ ಅವ್ವನ ಗೊರಕೆ ಸಮುದ್ರದ ಅಲೆಯಂತೆ ಏರಿ ಇಳಿಯಿತು. ಸಿಡುಕಿದವರೂ ತಲೆದೂಗಿದರು!

ಚಪ್ಪಾಳೆಗೆ ಅವ್ವನಿಗೆ ಎಚ್ಚರವಾಯಿತು. "ಮುಗೀತೇನಪಾ? ಯಾರು ಹಾಡಿದ್ರು?"

"ನೀನಽ ಹಾಡಿದಿ ಅವ್ವಾ" ಎಂದೆ.

ಅವರ ಆಲ್ಬಂಗಳನ್ನೆಲ್ಲ ಕೂಡಿಟ್ಟವನು ನಾನು. ಅವರ ಜೊತೆ ಕಛೇರಿ ಕೊಟ್ಟವಳು ಅವ್ವ. ಈಗ ಮನೆಯಲ್ಲಿ ಅವಳು ಗೊರಕೆ ಹೊಡೆಯುವಾಗ ಮಗ್ಗುಲು ಬದಲಿಸಲು ಹೋದರೆ ಕಣ್ಣು ಮುಚ್ಚಿಕೊಂಡೇ ಗದರುತ್ತಾಳೆ: "ರಿಯಾಜ್ ನಡದೈತಿ, ಎಬ್ಬಿಸಬ್ಯಾಡ."