ಎಡೆ ಮುಗಿಯುವವರೆಗೆ

ಮೂರು ವರ್ಷದ ಹಿಂದಿನ ಮಾತು. ಆಗ ನನಗೆ ನೌಕರಿ ಇರಲಿಲ್ಲ, ಹಾಗಂತ ಪೂರ್ತಿ ನಿವೃತ್ತಿಯೂ ಸಿಕ್ಕಿರಲಿಲ್ಲ. ಹುಟ್ಟಿದ್ದು ಯಳಂದೂರಿನಲ್ಲಿ. ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ಹೊರಬಂದು, ಕೊಳ್ಳೇಗಾಲದಲ್ಲಿ ಮನೆ ಮಾಡಿಕೊಂಡವನು ನಾನು. ಚಿಕ್ಕ ವಯಸ್ಸಿನಲ್ಲಿ ಕಾರ್ಖಾನೆಯವರು ಲೇಥ್ ಯಂತ್ರಗಳ ತರಬೇತಿಗೆಂದು ನನ್ನನ್ನು ಆಗಿನ ಜೆಕೊಸ್ಲೊವಾಕಿಯಾಕ್ಕೆ ಕಳಿಸಿದ್ದರು. ಅಲ್ಲಿ ಬೇರೆ ಗತಿಯಿಲ್ಲದೆ ಜೆಕ್ ಭಾಷೆ ಕಲಿತೆ. ಅದಕ್ಕೆ ತೀರ ಹತ್ತಿರದ ಸ್ಲೋವಾಕ್ ಭಾಷೆಯೂ ಜೊತೆಗೇ ಕಿವಿಗೆ ಬಿತ್ತು. ಊರಿಗೆ ವಾಪಸು ಬಂದ ಮೇಲೆ ಆ ದೇಶದ ಇಂಜಿನಿಯರುಗಳು ಬಂದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು. ಹೀಗೆ ಸ್ಪ್ಯಾನರ್ ಹಿಡಿದವನು ದುಭಾಷಿಯಾದೆ. ಆ ದೇಶ ಎರಡಾಗಿ ಒಡೆಯಿತು, ಕಾರ್ಖಾನೆಯೂ ಮುಚ್ಚಿತು, ನನ್ನ ಕೈಯಲ್ಲಿ ಭಾಷೆ ಮಾತ್ರ ಉಳಿಯಿತು.

ದುಭಾಷಿ ಕೆಲಸದಲ್ಲಿ ಎರಡು ಬಗೆ. ಗಾಜಿನ ಗೂಡಿನಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಭಾಷಣ ನಡೆಯುತ್ತಿರುವಾಗಲೇ ಹೇಳುತ್ತಾ ಹೋಗುವುದು ಸೈಮಲ್ಟೇನಿಯಸ್. ಮಾತಾಡುವವರು ಸ್ವಲ್ಪ ನಿಲ್ಲಿಸಿದಾಗ ಪಕ್ಕದಲ್ಲಿ ನಿಂತು ಹೇಳುವುದು ಕನ್ಸೆಕ್ಯೂಟಿವ್. ಮೊದಲನೆಯದಕ್ಕೆ ಚುರುಕು ಕಿವಿ ಬೇಕು, ಎರಡನೆಯದಕ್ಕೆ ಗಟ್ಟಿ ಕಾಲು. ಆ ವಯಸ್ಸಿಗೆ ನನ್ನ ಬಳಿ ಎರಡೂ ಇರಲಿಲ್ಲ. ಆದರೂ ಮೈಸೂರಿನಿಂದ ಪ್ರೊಫೆಸರ್ ಪ್ರಸನ್ನ ಫೋನ್ ಮಾಡಿ, 'ಜೆಕ್ ಮತ್ತು ಸ್ಲೋವಾಕ್ ಸಂಸ್ಕೃತಿಯ ಬಗ್ಗೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ಮಾಡ್ತಿದ್ದೀವಿ, ನೀವಿಲ್ಲದಿದ್ರೆ ಆಗೋದೇ ಇಲ್ಲ' ಅಂದಾಗ ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ.

ಸಂಕಿರಣ ಹೇಗಿತ್ತೆಂದರೆ, ಎಲ್ಲ ಸಂಕಿರಣಗಳು ಇರುವ ಹಾಗೇ ಇತ್ತು. ಮೈಕು ಕಿರುಚಿತು, ಪ್ರೊಜೆಕ್ಟರ್ ಕೈಕೊಟ್ಟಿತು. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಹೊರಗೆ ಕಾಫಿ ತಣ್ಣಗಾಗಿತ್ತು. ಹೊರದೇಶದಿಂದ ಬಂದಿದ್ದ ವಿದ್ವಾಂಸರು ಹೆಗಲ ಮೇಲಿನ ಶಾಲನ್ನು ಯಾವಾಗ ತೆಗೆಯಬಹುದೆಂದು ನನ್ನನ್ನು ಕೇಳುತ್ತಿದ್ದರು. ಅವರಲ್ಲಿ ಮುಖ್ಯ ಅತಿಥಿ ಎಂದರೆ ವೇರಾ. ಎಪ್ಪತ್ತು ದಾಟಿದ ಹೆಂಗಸು. ತಂದೆ ಜೆಕ್, ತಾಯಿ ಸ್ಲೋವಾಕ್. ಇಂಗ್ಲಿಷ್ ಅಷ್ಟಕ್ಕಷ್ಟೆ, ಹಾಗಾಗಿ ಅವರ ಪಾಲಿಗೆ ನಾನು. ಹಳ್ಳಿಮನೆಗಳಲ್ಲಿ ಸತ್ತವರನ್ನು ನೆನೆಯುವ ಪದ್ಧತಿಗಳೇ ಅವರ ಜೀವಮಾನದ ಅಧ್ಯಯನ. ಆ ಕಾರಣಕ್ಕೇ ಪ್ರಸನ್ನ ಅವರು ಕೊನೆಯ ದಿನದ ಕ್ಷೇತ್ರ ಪ್ರವಾಸವನ್ನು ಮಹಾಲಯ ಅಮಾವಾಸ್ಯೆಗೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಕೊಳ್ಳೇಗಾಲದ ರೇಷ್ಮೆ ಮಗ್ಗಗಳು, ಮಧ್ಯಾಹ್ನ ಹೊನ್ನೂರಿನ ಒಂದು ಮನೆಯಲ್ಲಿ ಹಿರಿಯರ ಎಡೆ, ಸಂಜೆ ಹನೂರಿನ ಕಾಲೇಜಿನಲ್ಲಿ ವೇರಾ ಅವರ ಉಪನ್ಯಾಸ ಮತ್ತು ಸಮಾರೋಪ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಹಿರಿಯರ ಹಬ್ಬದ ದಿನ ಕೊಳ್ಳೇಗಾಲದಲ್ಲಿ ಯಾರು ಮಗ್ಗಕ್ಕೆ ಕೈ ಹಾಕುತ್ತಾರೆ? ನೇಕಾರರೂ ಮನುಷ್ಯರೇ, ಅವರಿಗೂ ಅಜ್ಜ ಮುತ್ತಜ್ಜಂದಿರು ಇದ್ದಾರೆ. ನಾವು ಹೋದಾಗ ಬೀದಿಗೆ ಬೀದಿಯೇ ನಿಶ್ಶಬ್ದ. ಮಗ್ಗಗಳಿಗೆ ಬಟ್ಟೆ ಹೊದಿಸಿದ್ದರು. ಪ್ರಸನ್ನ ಅವರು ಆ ಮನೆ ಈ ಮನೆ ಬಾಗಿಲು ಬಡಿದು, ಒಬ್ಬರನ್ನಾದರೂ ಕೂರಿಸಿ ನೇಯಿಸಲು ನೋಡಿದರು. ಎಲ್ಲರೂ ನಗುತ್ತಲೇ ಆಗದೆಂದರು. ಇದನ್ನು ಮೊದಲೇ ಹೇಳಬೇಕಿತ್ತಲ್ಲ ಎಂದು ಪ್ರಸನ್ನ ಅವರು ನನ್ನ ಮೇಲೆ ರೇಗಿದರು. ಕಾರ್ಯಕ್ರಮಪಟ್ಟಿ ನನ್ನ ಕೈಗೆ ಬಂದದ್ದೇ ಆ ಬೆಳಿಗ್ಗೆ. ಜಗಳ ಆಡುವಷ್ಟು ಚೈತನ್ಯ ಇರಲಿಲ್ಲ, ಹೋಗಿ ಬಸ್ಸು ಹತ್ತಿ ಕೂತೆ. ಈ ಗಡಿಬಿಡಿಯಲ್ಲಿ ಹೊನ್ನೂರಿಗೆ ತಲುಪುವುದು ತುಂಬ ತಡವಾಯಿತು.

ಹೊನ್ನೂರಿನ ಆ ಮನೆ ಮಾದೇವನದು. ಮಾದೇವ ಪ್ರಸನ್ನ ಅವರ ವಿಭಾಗದಲ್ಲೇ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಕೆಲಸ ಮಾತ್ರ ಮನೆಮಗನದು. ವರ್ಷವರ್ಷವೂ ನೇಮಕ ನವೀಕರಣವಾಗಬೇಕು, ಅದಕ್ಕೆ ಮುಖ್ಯಸ್ಥರಾದ ಪ್ರಸನ್ನ ಅವರ ಒಂದು ಮಾತು ಬೇಕು. 'ನಮ್ಮ ಮನೆಗೇ ಬನ್ನಿ ಸಾರ್' ಎಂದು ಅವನು ಏಕೆ ಕರೆದನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವನ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲವೆಂದು ಪ್ರಸನ್ನ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಂದು ಆ ಮನೆಯಲ್ಲಿ ಇಡುತ್ತಿದ್ದದ್ದು ಯಜಮಾನನ ಮೊದಲನೇ ಎಡೆ.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಎರಡು ಮಾತು. ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಬಾಳೆಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಕಜ್ಜಾಯ, ವಡೆ, ಪಾಯಸ, ಚಟವಿದ್ದವರಿಗೆ ಬೀಡಿ ಬೆಂಕಿಪೊಟ್ಟಣ. ಧೂಪ ಹಾಕಿ ಕೈ ಮುಗಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣುವಾಗ ಯಾರೂ ಇಣುಕಬಾರದು. ಸಾಕಷ್ಟು ಹೊತ್ತಾದ ಮೇಲೆ ಮನೆಯವರು ಬಾಗಿಲು ತಟ್ಟಿ, ಬರುತ್ತಿದ್ದೇವೆಂದು ಹೇಳಿಯೇ ಒಳಗೆ ಹೋಗಬೇಕು. ಆಮೇಲೆ ಉಳಿದವರ ಊಟ.

ಮಾದೇವನ ತಾಯಿ ಶಿವಮ್ಮ ನಮಗಾಗಿ ಕಾದೂ ಕಾದೂ, ಹಿರಿಯರನ್ನು ಇನ್ನೂ ಹಸಿದಿರಿಸಬಾರದೆಂದು ಎಡೆ ಇಟ್ಟು ಆಗಷ್ಟೇ ಬಾಗಿಲು ಹಾಕಿದ್ದರು. ನಮ್ಮ ಬಸ್ಸು ಬಂದು ನಿಂತಿತು. ಪ್ರಸನ್ನ ಅವರ ಮುಖ ಇಳಿದುಹೋಯಿತು. ಅವರ ಕಷ್ಟ ನನಗೂ ಕಾಣುತ್ತಿತ್ತು. ಸಂಕಿರಣಕ್ಕೆ ನೆರವು ಕೊಟ್ಟವರಿಗೆ ವಿಡಿಯೊ ಒಪ್ಪಿಸಬೇಕು, ಮಗ್ಗಗಳ ಚಿತ್ರ ಆಗಲೇ ಕೈತಪ್ಪಿದೆ, ಹನೂರಿನಿಂದ ಫೋನಿನ ಮೇಲೆ ಫೋನು. ಮೇಲಾಗಿ ಸಕ್ಕರೆ ಕಾಯಿಲೆಯ ಮನುಷ್ಯ, ಬೆಳಗಿನಿಂದ ಸರಿಯಾಗಿ ತಿಂದಿರಲಿಲ್ಲ.

'ಮಾದೇವ, ಬಾಗಿಲು ತೆಗೀಪ್ಪಾ. ಕ್ಯಾಮೆರಾದವರು ಎರಡೇ ನಿಮಿಷ ಹೋಗಿ ಬರ್ತಾರೆ. ಅಮ್ಮ ಇನ್ನೊಂದ್ಸಲ ಧೂಪ ಹಾಕಿದ ಹಾಗೆ ಮಾಡ್ಲಿ' ಎಂದರು.

ಮಾದೇವ ತಾಯಿಯ ಮುಖ ನೋಡಿದ, ಪ್ರೊಫೆಸರ ಮುಖ ನೋಡಿದ. ಮೂವತ್ತೈದರ ಗಂಡಸು, ಬೆವರುತ್ತಿದ್ದ. ಮೆಲ್ಲಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟ.

'ತೆಗಿಬ್ಯಾಡ ಕಣ್ಲಾ ಮಗ' ಎಂದರು ಶಿವಮ್ಮ. ಗಟ್ಟಿಯಾಗಿಯೇನೂ ಹೇಳಲಿಲ್ಲ. ಆಮೇಲೆ, ನಾನು ಈ ಕಡೆಯವನೆಂದು ಮುಖ ನೋಡಿಯೇ ಗೊತ್ತಾಯಿತೋ ಏನೋ, ನನ್ನ ಕಡೆ ತಿರುಗಿದರು. 'ಅವ್ರು ಅರ್ಧ ಊಟ್ದಲ್ಲೇ ಎದ್ಬುಟ್ರು ಕಣಣ್ಣ. ಎದೆ ಇಡ್ಕಂಡು ಎದ್ದೋರ್ನ ಆಟೋಲಿ ಆಕ್ಕಂಡು ಓದ್ವಿ. ಮತ್ತೆ ಎಲೆ ಮುಂದಕ್ಕೆ ಬರ್ನೇ ಇಲ್ಲ. ಇವತ್ತಾರೂ ಒಟ್ಟೆ ತುಂಬ ಉಣ್ಲಿ ಅಂತ ಇಕ್ಕಿವ್ನಿ. ಈಗ ಬಾಗ್ಲು ತೆಗುದ್ರೆ ತಿರ್ಗ ಅರ್ಧಕ್ಕೇ ಎದ್ದೋಯ್ತಾರೆ.'

ವೇರಾ ನನ್ನ ತೋಳು ಮುಟ್ಟಿ, ಅವರೇನು ಹೇಳಿದರು ಎಂದು ಕೇಳಿದರು.

ಪ್ರಸನ್ನ ಅವರು ನನಗೆ ತಗ್ಗಿದ ದನಿಯಲ್ಲಿ, 'ಪುಟ್ಟರಾಜು ಅವರೇ, ಅದೆಲ್ಲ ಈಗ ಬೇಡ. ಇನ್ನೊಮ್ಮೆ ಮಾಡಿ ತೋರಿಸ್ತಾರೆ ಅಂತಷ್ಟೇ ಹೇಳಿ' ಎಂದರು.

ನಿಜ ಹೇಳಬೇಕೆಂದರೆ, ಹಾಗೆ ಹೇಳುವುದು ಸುಲಭವಿತ್ತು. ಕಾಲು ನೋಯುತ್ತಿತ್ತು, ಬೇಗ ಮುಗಿದರೆ ಸಾಕೆನಿಸಿತ್ತು. ಒಂದು ಸಣ್ಣ ವಾಕ್ಯ ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು, ಬಸ್ಸು ಹೊರಡುತ್ತಿತ್ತು. ಆದರೆ ಆ ಹೆಂಗಸು ನನ್ನ ಮುಖ ನೋಡಿಕೊಂಡು ಹೇಳಿದ್ದರು. ನಾನು ಶಿವಮ್ಮ ಅಂದದ್ದನ್ನು ಒಂದೂ ಬಿಡದೆ ಜೆಕ್‌ನಲ್ಲಿ ಹೇಳಿದೆ. ಎದೆ ಹಿಡಿದುಕೊಂಡದ್ದು, ಆಟೋ, ಎಲೆ, ಎಲ್ಲ. ಪ್ರೊಫೆಸರು ಏನು ಹೇಳಿಕೊಟ್ಟರೆಂಬುದನ್ನೂ ಹೇಳಿದೆ, ಅದೂ ಆಡಿದ ಮಾತೇ ತಾನೆ.

ವೇರಾ ಮಂಡಿ ಹಿಡಿದುಕೊಂಡು ಮೆಲ್ಲಗೆ ಜಗುಲಿಯ ಮೇಲೆ ಕೂತು ಮಾತಾಡಿದರು. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. 'ನಮ್ಮಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂರುತ್ತೇವೆ. ತೀರಿಹೋದವರಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ. ಎಲ್ಲರದೂ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಮಧ್ಯೆ ಎದ್ದರೆ ಮುಂದಿನ ವರ್ಷ ಆ ಮೇಜಿನಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಅನ್ನುತ್ತಾರೆ. ನಾನು ಈ ವಿಷಯದ ಮೇಲೆ ಪುಸ್ತಕಗಳನ್ನೇ ಬರೆದಿದ್ದೇನೆ. ಇಲ್ಲಿ ಒಬ್ಬರು ಊಟ ಮಾಡುತ್ತಿದ್ದಾರೆ. ಅವರದು ಮುಗಿಯಲಿ. ನಾನು ಏಳುವುದಿಲ್ಲ.'

ಪ್ರಸನ್ನ ಅವರು ಬೇಡಿಕೊಂಡರು. ಹನೂರಿನಲ್ಲಿ ವಿದ್ಯಾರ್ಥಿಗಳು ಕಾದಿದ್ದಾರೆ, ಗಣ್ಯರು ಬಂದಿದ್ದಾರೆ, ಉಪನ್ಯಾಸ ನಿಮ್ಮದೇ ಎಂದರು. ವೇರಾ ಕ್ಷಮೆ ಕೇಳಿದರು, ಆದರೆ ಕದಲಲಿಲ್ಲ. ಕೊನೆಗೆ ಪ್ರಸನ್ನ ಅವರು ಉಳಿದ ಅತಿಥಿಗಳನ್ನು ಬಸ್ಸಿಗೆ ಹತ್ತಿಸಿದರು. ಹತ್ತುವ ಮುಂಚೆ ತಿರುಗಿ, 'ಮಾದೇವ, ನೀನಾದ್ರೂ ಬರ್ತೀಯೋ ಇಲ್ವೋ? ವೇದಿಕೆ ಕೆಲಸ ಯಾರು ನೋಡ್ಕೋಬೇಕು?' ಎಂದರು.

ಮಾದೇವನ ಕೈ ಇನ್ನೂ ಚಿಲಕದ ಮೇಲೇ ಇತ್ತು. ಆ ಕ್ಷಣ ಅವನ ನೌಕರಿಯೇ ಆ ಚಿಲಕಕ್ಕೆ ನೇತುಬಿದ್ದಿದೆ ಎಂದು ನನಗೆ ಭಯವಾಯಿತು. ಅವನು ಕೈ ತೆಗೆದ. 'ನಮ್ಮಪ್ಪ ಉಣ್ತಾ ಅವ್ರೆ ಸಾ' ಎಂದ. ಹೇಳಿ, ತಾಯಿಯ ಪಕ್ಕ ಹೋಗಿ ಕೂತ. ಬಸ್ಸು ಹೋಯಿತು.

ಎಷ್ಟು ಹೊತ್ತು ಕೂತಿದ್ದೆವೋ ನೋಡಲಿಲ್ಲ. ನನಗೆ ತೂಕಡಿಕೆ ಬಂತು. ಕೊನೆಗೆ ಶಿವಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಬಾಗಿಲು ತಟ್ಟಿ, 'ಬತ್ತಾ ಇವ್ನಿ' ಎಂದು ಹೇಳಿ ತೆರೆದರು. ಧೂಪದ ಹೊಗೆ ಹೊರಗೆ ಬಂತು. ನನ್ನ ಕಣ್ಣಿಗೆ ಎಲೆ ತುಂಬಿಯೇ ಇತ್ತು, ಕಜ್ಜಾಯ ಒಂದೂ ಕಡಿಮೆಯಾದಂತೆ ಕಾಣಲಿಲ್ಲ. ಶಿವಮ್ಮ ಎಲೆಯನ್ನು ಚೆನ್ನಾಗಿ ನೋಡಿ, 'ಉಂಡವ್ರೆ ಕಣ್ಲಾ' ಎಂದರು. ಮಾದೇವ ಗೋಡೆ ಕಡೆ ತಿರುಗಿ ಅತ್ತುಬಿಟ್ಟ. ವೇರಾ ಏನೆಂದು ಕೇಳಿದರು. ಊಟ ಮಾಡಿದ್ದಾರಂತೆ ಎಂದೆ. ಹೌದು, ಎಂದು ತಲೆಯಾಡಿಸಿದರು.

ಆಮೇಲೆ ನಮಗೆ ಎಲೆ ಹಾಕಿದರು. ವೇರಾ ನೆಲದ ಮೇಲೆ ಕೂರಲಾರರೆಂದು ಕುರ್ಚಿ ಮೇಜು ತಂದರು. ಶಿವಮ್ಮ ಬಡಿಸುತ್ತಾ ಓಡಾಡುತ್ತಿದ್ದರು. ನಮ್ಮ ಊಟ ಮುಗಿಯಿತು, ಕೈ ತೊಳೆಯಲು ನೀರೂ ಬಂತು. ವೇರಾ ಮಾತ್ರ ಖಾಲಿ ಎಲೆಯ ಮುಂದೆ ಹಾಗೇ ಕೂತಿದ್ದರು. ಮನೆಯೊಡತಿಯದು ಇನ್ನೂ ಆಗಿಲ್ಲವಲ್ಲ, ಎಂದರು. ವೇರಾ ಅವರ ತಾಯಿ ಕ್ರಿಸ್‌ಮಸ್ಸಿನ ಆ ಸಂಜೆ ಎಲ್ಲವನ್ನೂ ಮೊದಲೇ ಮೇಜಿನ ಮೇಲೆ ತಂದಿಟ್ಟುಕೊಂಡು ಎಲ್ಲರ ಜೊತೆಗೇ ಕೂರುತ್ತಿದ್ದರಂತೆ. ನಾನಿದನ್ನು ಹೇಳಿದಾಗ ಶಿವಮ್ಮನಿಗೆ ನಾಚಿಕೆಯಾಯಿತು. 'ನಂದ್ಯಾವ ದೊಡ್ಡ ಊಟ, ಆಮ್ಯಾಕೆ ಒಳ್ಗೆ ಎರಡು ತುತ್ತು ಬಾಯ್ಗಾಕತೀನಿ, ಏಳಕ್ಕೇಳಣ್ಣ ಆಯಮ್ಮಂಗೆ' ಎಂದರು. ಆಯಮ್ಮ ಏಳಲಿಲ್ಲ. ಕೊನೆಗೆ ಮಾದೇವನೇ ತಾಯಿಗೆ ಎಲೆ ಹಾಕಿ ಬಡಿಸಿದ. ಶಿವಮ್ಮ ಮೊದಲು ಸಂಕೋಚದಿಂದ ಕೆದಕಿದರು, ಆಮೇಲೆ ಉಂಡರು, ಎರಡನೇ ಸಲ ಹುಳಿಯನ್ನ ಹಾಕಿಸಿಕೊಂಡರು. ಅವರ ಗಂಡ ಹೋದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದು ಅಂದೇ ಎಂದು ಮಾದೇವ ನನ್ನನ್ನೂ ವೇರಾ ಅವರನ್ನೂ ಬಸ್ ಸ್ಟ್ಯಾಂಡಿಗೆ ಬಿಡುವಾಗ ಹೇಳಿದ.

ಹನೂರಿನಲ್ಲಿ ಉಪನ್ಯಾಸ ನಡೆಯಲಿಲ್ಲ. ಸಂಕಿರಣದ ಸಂಪುಟದಲ್ಲಿ ವೇರಾ ಅವರ ಲೇಖನವಿಲ್ಲ, ಹೊನ್ನೂರಿನ ಹೆಸರೂ ಇಲ್ಲ. ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಅದರ ಬಗ್ಗೆ ಬೇಸರವಿಲ್ಲ, ಕಾಲಿಗೆ ವಿಶ್ರಾಂತಿ ಬೇಕಿತ್ತು. ಬೇಸರವಾದದ್ದು ಮಾದೇವನ ವಿಷಯಕ್ಕೆ. ಮುಂದಿನ ವರ್ಷ ಕಾರ್ಯಭಾರ ಕಡಿಮೆಯೆಂದು ಅವನ ನೇಮಕ ನವೀಕರಣವಾಗಲಿಲ್ಲ. ನಿಜವಾದ ಕಾರಣ ಅದೇ ಇರಬಹುದು, ಇಲ್ಲದಿರಬಹುದು. ನಾನು ಮಾತಾಡಿದೆ, ಬೆಲೆ ಕೊಟ್ಟವನು ಅವನು ಎಂಬ ಚುಚ್ಚು ತಡೆಯಲಾರದೆ ಫೋನ್ ಮಾಡಿದೆ. ಕಾಮಗೆರೆಯ ಹತ್ತಿರ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದ. 'ಬುಡಿ ಸಾ, ಆ ಕೆಲ್ಸ ಇವತ್ತಲ್ದಿದ್ರೆ ನಾಳೆ ಓಗದೇಯ. ನಮ್ಮವ್ವ ಈಗ ನೆಟ್ಟಗೆ ಉಣ್ತಾ ಅವ್ಳೆ' ಎಂದ.

ದುಭಾಷಿ ಎಂದರೆ ಮಾತು ನಿಲ್ಲದಂತೆ ನೋಡಿಕೊಳ್ಳುವವನು, ದೊಡ್ಡವರಿಗೆ ಬೇಕಾದಷ್ಟನ್ನು ದಾಟಿಸಿ ಕೆಲಸ ಮುಂದಕ್ಕೆ ಸಾಗಿಸುವವನು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಲೇಥ್ ಯಂತ್ರದ ಮುಂದೆ ಅದು ನಡೆಯುತ್ತದೆ. ಆದರೆ ಒಬ್ಬರು ನಮ್ಮ ಮುಖ ನೋಡಿಕೊಂಡು ತಮ್ಮ ದುಃಖ ಹೇಳುವಾಗ, ಅವರ ಮಾತನ್ನು ಅರ್ಧಕ್ಕೆ ಎಬ್ಬಿಸುವ ಹಕ್ಕು ನಮಗಿಲ್ಲ. ಇಷ್ಟನ್ನು ಕಲಿಯುವ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು.