ಹಳೇ ಲೈನು ಬಲ್ಲ ಹುಸೇನಪ್ಪ

ಸಿಂಧನೂರು–ಮಸ್ಕಿ ಸೀಮೆಯ ನಮ್ಮ ಪಟ್ಟಣದಲ್ಲಿ ನಳದ ಕೊಳಚೆ ನೀರು ಕುಡಿದು ವಾಂತಿ-ಭೇದಿಗೆ ಬಿದ್ದವರು ಕೊನೆಯ ಓಣಿಯ ಹಮಾಲರು ಮತ್ತು ಅಕ್ಕಿ ಗಿರಣಿಯ ಕೂಲಿ ಹೆಂಗಸರು. ನೀರು ಬಿಡುತ್ತಿದ್ದ ಹುಸೇನಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಇಡೀ ಊರಿನ ಆರೋಗ್ಯವನ್ನು ಒಬ್ಬ ದಿನಗೂಲಿಯ ನೆನಪಿಗೆ ಒಪ್ಪಿಸಿದ್ದೇ ಮೊದಲ ಅನ್ಯಾಯ.

ಸೇದುವ ಬಾವಿಗಳು ಹಾಳಾದ ಮೇಲೆ ಕಾಲುವೆಯ ನೀರು ಕೆರೆಗೆ ಬಂತು. ಕೆರೆಯಿಂದ ಟಾಕಿಗೆ, ಅಲ್ಲಿಂದ ಮನೆಗಳಿಗೆ. ಊರು ಬೆಳೆದಂತೆ ಹಳೆಯ ಪೈಪಿಗೆ ಹೊಸದನ್ನು ಜೋಡಿಸುತ್ತ ಹೋದರೇ ಹೊರತು ಯಾರೂ ನಕ್ಷೆ ಬರೆದಿಡಲಿಲ್ಲ. ಪ್ರತಿ ವಾಲ್ವಿನ ಜಾಗವನ್ನು ಹುಸೇನಪ್ಪ ತನ್ನ ಹೆಜ್ಜೆಗಳಿಂದ ಅಳೆದು ನೆನಪಿಟ್ಟಿದ್ದ. ಉದ್ದನೆಯ ಕಬ್ಬಿಣದ ಚಾವಿಯನ್ನು ವಾಲ್ವಿಗೆ ಊರಿ, ಅದರ ತುದಿಗೆ ಕಿವಿಯಿಟ್ಟು, “ಎರಡನೇ ಓಣಿ ದಾಟ್ಯಾವ್ರಿ, ಕೊಡ ಇಡ್ರಿ” ಎನ್ನುತ್ತಿದ್ದ.

ಗಿರಣಿಯ ಹನುಮವ್ವ ಕೆಣಕುತ್ತಿದ್ದಳು: “ಏನೋ ಹುಸೇನಪ್ಪ, ಸಾವ್ಕಾರ್ರಿಗೆ ನೀರು, ನಮಗ ಬರೇ ಗಾಳಿಯೇನು?”

“ಗಾಳೀನೂ ತುಂಬ್ಕೊ ಬೇ, ಕೂಲರ್ ಖರ್ಚು ಉಳಿತೈತಿ!”

ಹನುಮವ್ವನಿದ್ದ ಕೊನೆಯ ಓಣಿಯ ಹಳೆಯ ಪೈಪು ಚರಂಡಿಯೊಳಗೆ ಹಾದು ತೂತುಬಿದ್ದಿತ್ತು. ಅದರ ವಾಲ್ವನ್ನು ಅವನು ಮುಚ್ಚಿ, ದೂರದ ಹೊಸ ಪೈಪಿನಿಂದ ನೀರು ಕೊಡುತ್ತಿದ್ದ. ಧಾರೆ ಸಣ್ಣದು, ಆದರೆ ಶುದ್ಧ. “ನನ್ನ ಹಿಂದ ಯಾರರ ಹಳೇ ಲೈನಿನ ವಾಲ್ವು ತಿರುವಿದ್ರ ಮಂದಿ ಸಾಯ್ತಾರ್ರಿ. ನನಗ ಬರಿಯಾಕ ಬರಂಗಿಲ್ಲ. ನಾ ತೋರಿಸ್ತೀನಿ, ನೀವು ಬರಕೊಳ್ರಿ ಸರ್” ಎಂದು ಊರಿನ ಹೋರಾಟಗಾರನಾದ ನನ್ನನ್ನು ಬೇಡಿಕೊಂಡ. ಅಧಿಕಾರಿಗಳು ಅವನ ಮಾತನ್ನು ಆಗಲೇ ತಳ್ಳಿಹಾಕಿದ್ದರು.

ಮುಂದಿನ ಐತವಾರ ಎಂದೆ. ಆ ಐತವಾರ ಅವನು ಟಾಕಿಯ ಕೆಳಗೆ ಮಧ್ಯಾಹ್ನದವರೆಗೆ ಕಾದನಂತೆ. ನಾನು ಲಿಂಗಸುಗೂರಿನ ಧರಣಿಯಲ್ಲಿ ನೀರಿನ ಹಕ್ಕಿನ ಬಗ್ಗೆ ಭಾಷಣ ಮಾಡುತ್ತಿದ್ದೆ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. “ಚಪ್ಪಾಳಿ ಜೋರ್ ಬಿದ್ವೇನ್ರಿ?” ಎಂದು ನಕ್ಕ. “ಇರಲಿ, ಬರೋ ಐತವಾರ ತಪ್ಪಿಸಬ್ಯಾಡ್ರಿ.” ಅದೇ ಕೊನೆಯ ಭೇಟಿ. ಆ ವಾರವೇ ಎದೆನೋವಿನಿಂದ ತೀರಿಕೊಂಡ.

ಅವನ ಜಾಗಕ್ಕೆ ಬಂದ ಹೊಸಬ ಸಣ್ಣ ಧಾರೆಯನ್ನು ಕಂಡು ಮರುಗಿ, ಒಳ್ಳೆಯ ಮನಸ್ಸಿನಿಂದಲೇ ಹಳೆಯ ವಾಲ್ವು ತಿರುವಿದ. ನೀರು ರಭಸದಿಂದ ಬಂತು. ಓಣಿಯವರು ಅವನಿಗೆ ಚಹಾ ಕುಡಿಸಿದರು. ಮೂರನೆಯ ದಿನ ದವಾಖಾನೆ ತುಂಬಿತು. ಹನುಮವ್ವ ಅಲ್ಲಿಂದ ಮರಳಲಿಲ್ಲ.

ಈಗ ಆ ಹೊಸಬನೊಬ್ಬನನ್ನೇ ಕೆಲಸದಿಂದ ತೆಗೆದಿದ್ದಾರೆ. ನಾನು ತಪ್ಪಿಸಿದ ಆ ಐತವಾರದ ಹೊಣೆ ನನ್ನದು. ನೀರು ಸರಬರಾಜಿನ ಹೊಣೆ ಹೊತ್ತ ಅಧಿಕಾರಿಗಳೇ, ನೀವು ವ್ಯರ್ಥವಾಗಿ ಕಳೆದ ವರ್ಷಗಳಿಗೆ ನೀವು ಉತ್ತರ ಕೊಡಬೇಕು. ಆ ಹೊಸಬನನ್ನು ಕೆಲಸಕ್ಕೆ ಮರಳಿ ಕರೆಯಿರಿ. ಈಗ ಬಂದಾಗಿರುವ ಕಾಲುವೆಗೆ ಮತ್ತೆ ನೀರು ಬರುವ ಮೊದಲು ಚರಂಡಿಯೊಳಗಿನ ಆ ಪೈಪನ್ನು ಕತ್ತರಿಸಿ ಹೊರತೆಗೆಯಿರಿ, ಕೊನೆಯ ಓಣಿಯವರ ಕಣ್ಣೆದುರಿಗೆ.