ಸೋಲನ್ನು ಮರೆತ ಅರ್ಥಧಾರಿ

ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ ಮಂಗಳೂರಿಗೆ ವಾಪಸಾದ ಮೇಲೆ ನಾನು ಯಾವ ಕೆಲಸದಲ್ಲೂ ನಿಂತವನಲ್ಲ. ಸ್ವಲ್ಪ ದಿನ ಒಬ್ಬ ವಕೀಲರ ಕಚೇರಿ, ಸ್ವಲ್ಪ ದಿನ ಒಂದು ವಾರಪತ್ರಿಕೆ, ಮತ್ತೆ ಮಣ್ಣಗುಡ್ಡದ ಮನೆಯ ಜಗಲಿ. ಆಗ ಊರಿಗೆ ಮಾತಾಡುವ ಸಿನೆಮಾ ಬಂದಿತ್ತು, ಕಾಫಿ ಹೋಟೆಲುಗಳಲ್ಲಿ ಗ್ರಾಮಫೋನು ಅರಚುತ್ತಿತ್ತು. ಅವುಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ಹೊಸದು ಹೊಸದೆಂದೇ ಹೇಳಿಕೊಂಡು ಬಂದರೆ ಬರಲಿ. ನನಗೆ ಹೇಸಿಗೆ ಹುಟ್ಟಿಸಿದ್ದು ಹಳೆಯದನ್ನು ಉದ್ಧಾರ ಮಾಡುತ್ತೇವೆಂದು ಕೋಟು ಹಾಕಿಕೊಂಡು ಬಂದವರು. ಅವರಲ್ಲಿ ಅರ್ಧ ಜನ ನನ್ನ ಹಾಗೆಯೇ ಓದಿದವರು.

ನನ್ನ ತಾಯಿಯ ಅಣ್ಣ, ನಮ್ಮ ಮನೆಯ ಯಜಮಾನ, ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದರು. ಊರಿಗೆ ಅವರು ಗೊತ್ತಿದ್ದದ್ದು ಅಕ್ಕಿಯಿಂದಲ್ಲ, ತಾಳಮದ್ದಳೆಯಿಂದ. ಅದಕ್ಕೆ ವೇಷವಿಲ್ಲ, ಕುಣಿತವಿಲ್ಲ. ಚಾಪೆಯ ಮೇಲೆ ಎಲ್ಲರೂ ಮನೆಯ ಬಟ್ಟೆಯಲ್ಲೇ ಕೂರುತ್ತಾರೆ. ಭಾಗವತರು ಒಂದು ಪದ ಹಾಡುತ್ತಾರೆ, ಆ ಪದದ ಅರ್ಥವನ್ನು ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಬೆಳೆಸುತ್ತಾನೆ. ಎದುರು ಕೂತವನು ಅದನ್ನು ಕತ್ತರಿಸುತ್ತಾನೆ. ಎಷ್ಟು ಬೇಕಾದರೂ ವಾದಿಸಬಹುದು. ಆದರೆ ಮುಂದಿನ ಪದ ಎದ್ದರೆ ಅದರ ಹಿಂದೆಯೇ ಹೋಗಬೇಕು. ಕಥೆ ಎಲ್ಲಿಗೆ ಮುಟ್ಟಬೇಕೆಂಬುದು ಪದದಲ್ಲಿದೆ, ಅರ್ಥಧಾರಿಯ ಕೈಯಲ್ಲಿಲ್ಲ.

ಮಾವ ಹೆಸರಾದದ್ದು ಸೋಲುವ ಪಾತ್ರಗಳಿಗೆ. ಯಜ್ಞದ ಕುದುರೆಯನ್ನು ಕಟ್ಟಿಹಾಕಿದ ಒಬ್ಬ ರಾಜ, ಅದನ್ನು ಬಿಡಿಸಲು ಬಂದ ಒಬ್ಬ ದೂತ, ಇಂಥ ಒಂದು ಪ್ರಸಂಗ ನಮ್ಮ ಜಗಲಿಯಲ್ಲಿ ಆಗಾಗ ನಡೆಯುತ್ತಿತ್ತು. ಮಾವ ರಾಜ. ಅವರ ವಾದ ಕೇಳಿದರೆ ಕುದುರೆ ಅವರದ್ದೇ ಎಂದು ಪ್ರಮಾಣ ಮಾಡಬೇಕು, ಹಾಗೆ ಮಾತಾಡುತ್ತಿದ್ದರು. ಕೊನೆಯಲ್ಲಿ ಭಾಗವತರು ಕುದುರೆ ಬಿಡುವ ಪದ ಎತ್ತಿದಾಗ ಮಾವ ಸುಮ್ಮನಾಗುತ್ತಿದ್ದರು. ಆಮೇಲೆ ಒಂದೇ ಒಂದು ಮಾತು. ಆ ಒಂದು ಮಾತಿನಲ್ಲಿ ಗೆಲ್ಲಬಲ್ಲವನೊಬ್ಬ ಬೇಕೆಂದೇ ಸೋತದ್ದು ಎಲ್ಲರಿಗೂ ತಿಳಿಯುತ್ತಿತ್ತು. ಸಭೆ ಉಸಿರು ಬಿಡುತ್ತಿರಲಿಲ್ಲ ಎಂದು ನನ್ನ ನೆನಪು. ನನ್ನ ಅಕ್ಕ ಹೇಳುತ್ತಾಳೆ, ಮಾವ ಆಗ ಅಳುತ್ತಿದ್ದರು ಎಂದು. ನಾನು ಕಣ್ಣೀರು ಕಂಡದ್ದಿಲ್ಲ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿದ್ದೆವು.

ಆ ವರ್ಷ ವಕೀಲರು, ಉಪನ್ಯಾಸಕರು ಸೇರಿ ಕಲೆಯ ಉನ್ನತಿಗಾಗಿ ಒಂದು ಸಂಘ ಕಟ್ಟಿದರು. ತಾಳಮದ್ದಳೆಯನ್ನು ಸಭ್ಯರು ನೋಡುವ ಹಾಗೆ ಮಾಡುವುದು ಅವರ ಉದ್ದೇಶ. ನಾವು ಅಷ್ಟು ದಿನ ಅಸಭ್ಯರಾಗಿದ್ದೆವು ಎಂದಾಯಿತು. ಒಂದು ಶಾಲೆಯ ಹಾಲಿನಲ್ಲಿ, ಸಂಜೆಯ ಹೊತ್ತು, ಕುರ್ಚಿ ಹಾಕಿಸಿ ಸ್ಪರ್ಧೆ ಇಟ್ಟರು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ಒಬ್ಬೊಬ್ಬ ಅರ್ಥಧಾರಿಗೆ ಇಷ್ಟೇ ಹೊತ್ತು, ಮುಗಿದರೆ ಮೇಜಿನ ಮೇಲಿನ ಗಂಟೆ. ಮೂವರು ತೀರ್ಪುಗಾರರು ಪೆನ್ಸಿಲು ಚೂಪು ಮಾಡಿಕೊಂಡು ಕೂತರು. ಅವರಲ್ಲೊಬ್ಬ ಮದರಾಸಿನಲ್ಲಿ ನನ್ನ ಜೊತೆ ಓದಿದವನು, ಈಗ ಉಪನ್ಯಾಸಕ.

ಮಾವ ರಾಜನಾದರು. ದೂತನಾಗಿ ಕೂಳೂರಿನ ಕಡೆಯ ಒಬ್ಬ ಶಾಲಾ ಮಾಸ್ತರರು. ಹಾಡಿದವರು ಮಾವನ ಹಳೆಯ ಗೆಳೆಯ, ನಮ್ಮ ಮನೆಯ ಜಗಲಿಯಲ್ಲೇ ಹಾಡಿ ಮುದುಕರಾದ ಭಾಗವತರು. ಮಾವ ಎಂದಿನಂತೆ ವಾದಿಸಿದರು, ಪದ ಎದ್ದಾಗ ಎಂದಿನಂತೆ ಸೋತರು. ಬೆಳ್ಳಿಯ ಪದಕ ಮಾಸ್ತರರ ಕೊರಳಿಗೆ ಬಿತ್ತು. ಪಾಪ, ಅವರಿಗೇ ನಾಚಿಕೆಯಾಗಿತ್ತು.

ನಾನು ಉಪನ್ಯಾಸಕನನ್ನು ಅಂಗಳದಲ್ಲಿ ಹಿಡಿದೆ.

"ಇದು ಎಂತ ತೀರ್ಪು ಮಾರಾಯ?"

"ನಿನ್ನ ಮಾವನ ವಾದ ಫಸ್ಟ್ ಕ್ಲಾಸ್. ಆದರೆ ಕೊನೆಗೆ ಉತ್ತರ ಸಿಗಲಿಲ್ಲ ಅಲ್ವಾ? ಸುಮ್ಮನೆ ಕೂತುಬಿಟ್ಟರು."

"ಸಿಗದೆ ಅಲ್ಲ. ಕಥೆಯಲ್ಲಿ ರಾಜ ಸೋಲಲೇಬೇಕು."

"ಸೋಲಲಿ, ಬೇಡ ಅಂದವರು ಯಾರು? ಆದರೆ ಸೋತವನಿಗೆ ಮಾರ್ಕು ಹೇಗೆ ಕೊಡುವುದು ಹೇಳು."

ಅವನು ತಮಾಷೆ ಮಾಡುತ್ತಿರಲಿಲ್ಲ. ಕಾಲೇಜಿನ ಚರ್ಚಾಕೂಟದ ಅಳತೆಗೋಲನ್ನು ತಂದು ಇಲ್ಲಿ ಊರಿದ್ದ. ಅದು ಇಲ್ಲಿಗಲ್ಲ ಎಂಬ ಅನುಮಾನ ಕೂಡ ಅವನಿಗೆ ಬಂದಿರಲಿಲ್ಲ. ನಾನು ಅವನನ್ನು ಅಲ್ಲೇ ಬಿಟ್ಟು ಹೊರಟುಬಂದೆ. ಅವನ ಮೈಯಿಂದ ಬರುತ್ತಿದ್ದ ಪನ್ನೀರಿನ ವಾಸನೆಯೂ ಅದಕ್ಕೆ ಕಾರಣವಿರಬಹುದು.

ವಿಷಯ ಅಲ್ಲಿಗೆ ಮುಗಿದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮಾರನೆಯ ದಿನ ನಾನು ಬಂದರಿನಲ್ಲಿ ಮಾವನ ಅಂಗಡಿಯಲ್ಲಿದ್ದೆ. ಪಕ್ಕದ ಅಂಗಡಿಯ ಬ್ಯಾರಿ ಮುಸಲ್ಮಾನ ವ್ಯಾಪಾರಿ, ನಮ್ಮ ಜಗಲಿಗೆ ತಪ್ಪದೆ ಬರುತ್ತಿದ್ದವರು, ರಸ್ತೆಯಿಂದಲೇ ಕೂಗಿದರು: "ಎಂತ ಸಾಹುಕಾರ್ರೇ, ನಿಮ್ಮ ಬಾಯಿಗೂ ಬೀಗ ಹಾಕುವವರು ಉಂಟಂತೆ!"

ಅದು ಸಲಿಗೆಯ ಮಾತು. ಬೇರೆ ದಿನವಾದರೆ ಮಾವ ಎರಡರಷ್ಟು ಹೇಳಿ ನಗಿಸುತ್ತಿದ್ದರು. ಅವತ್ತು ಗೋಣಿಯೊಳಗೆ ಕೈಹಾಕಿ ಅಕ್ಕಿಯನ್ನು ಸುಮ್ಮನೆ ತಿರುವಿದರು. ಮನೆಗೆ ಬರುವ ದಾರಿಯಲ್ಲಿ ನನ್ನನ್ನು ಕೇಳಿದರು, "ನನಗೆ ಉತ್ತರ ಗೊತ್ತಿರಲಿಲ್ಲವಾ? ನೀನೇ ಹೇಳು." ಮಾತಾಡಿದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಅವರ ದನಿ ಎಷ್ಟು ಕಳೆಯಿತೋ ತಿಳಿಯದು.

"ಗೊತ್ತಿತ್ತು ಮಾವ. ಎಲ್ಲರಿಗೂ ಗೊತ್ತುಂಟು."

"ಎಲ್ಲರಿಗೂ ಗೊತ್ತಿದ್ದರೆ ಬ್ಯಾರಿ ಯಾಕೆ ಹಾಗೆ ಹೇಳಿದ?"

ಮರುವರ್ಷವೂ ಅದೇ ಹಾಲು, ಅದೇ ಗಂಟೆ, ಅದೇ ಪ್ರಸಂಗ. ಅಧ್ಯಕ್ಷರು ಕಲೆಯ ಉನ್ನತಿಯ ಬಗ್ಗೆ ಮಾತಾಡಿದಷ್ಟು ಹೊತ್ತು ರಾಜನಿಗೂ ಸಿಗಲಿಲ್ಲ. ಮಾಸ್ತರರೇ ದೂತ. ಭಾಗವತರು ಕುದುರೆ ಬಿಡುವ ಪದ ಹಾಡಿದರು. ಮಾವ ಸುಮ್ಮನಾಗಲಿಲ್ಲ.

"ಬಿಡು ಎಂದರೆ ಬಿಡಲು ನಾನೇನು ನಿನ್ನ ಕುದುರೆ ಕಾಯುವವನೇ?" ಎಂದು ಹೊಸ ವಾದ ಎತ್ತಿದರು.

ಕುರ್ಚಿಗಳಿಂದ ಚಪ್ಪಾಳೆ ಬಂತು. ಭಾಗವತರು ಮಾವನ ಮುಖ ನೋಡಿದರು. ಅದೇ ಪದವನ್ನು ಮತ್ತೆ ಹಾಡಿದರು, ಸ್ವಲ್ಪ ನಿಧಾನವಾಗಿ, ದಾರಿ ತಪ್ಪಿದವನನ್ನು ಕರೆಯುವ ಹಾಗೆ. ಮಾವ ಮತ್ತೊಂದು ವಾದ ಹೂಡಿದರು. ಮಾಸ್ತರರು ತಡವರಿಸಿದರು. ಸೋತ ರಾಜನಿಗೆ ಏನು ಹೇಳಬೇಕೆಂದು ಅವರು ತಯಾರಾಗಿ ಬಂದಿದ್ದರು; ಸೋಲದ ರಾಜನಿಗೆ ಹೇಳುವ ಮಾತು ಯಾವ ದೂತನ ಹತ್ತಿರವೂ ಇರುವುದಿಲ್ಲ. ಗಂಟೆ ಹೊಡೆಯಿತು. ಭಾಗವತರು ತಾಳವನ್ನು ಕೈಯಲ್ಲಿ ಮುಚ್ಚಿ ಹಿಡಿದರು, ಮಂಗಳಪದ ಹೇಳಿ ಎದ್ದರು. ಕುದುರೆ ಕಟ್ಟಿದಲ್ಲೇ ಉಳಿಯಿತು, ಯಜ್ಞ ನಿಂತಿತು, ಲೋಕದ ಗತಿ ಏನಾಯಿತೋ ಯಾರೂ ಕೇಳಲಿಲ್ಲ. ಪದಕ ಮಾವನಿಗೆ ಬಂತು.

ಮೆಟ್ಟಿಲ ಹತ್ತಿರ ಭಾಗವತರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮಾವ ನಗುತ್ತಾ ಹೋಗಿ, "ಹೇಗಾಯಿತು ಭಾಗವತರೇ?" ಎಂದರು.

"ಚೆಂದ ಆಯ್ತು ಧಣಿ. ಇನ್ನು ನಿಮಗೆ ನನ್ನ ಪದ ಬೇಡ."

"ಸಿಟ್ಟಾ?"

"ಸಿಟ್ಟು ಎಂತಕ್ಕೆ? ಪದ ಹೇಳಿದರೂ ನೀವು ಬರುವುದಿಲ್ಲ. ಮತ್ತೆ ನಾನು ಯಾರನ್ನು ಕರೆಯುವುದು?"

ಅವರು ಆಮೇಲೆ ನಮ್ಮ ಜಗಲಿಗೆ ಬರಲಿಲ್ಲ. ತಾನು ಹೇಳಿದಲ್ಲಿ ಹಾಡು ನಿಲ್ಲಿಸುವ ಬೇರೊಬ್ಬ ಭಾಗವತ ಮಾವನಿಗೆ ಸಿಕ್ಕಿದ. ಆದರೆ ಉಳಿದವರೇನು ದಡ್ಡರೇ? ಸೋತರೆ ಪದಕವಿಲ್ಲವೆಂದು ಎಲ್ಲ ಅರ್ಥಧಾರಿಗಳಿಗೂ ತಿಳಿಯಿತು. ದೂತನೂ ಬಿಡ, ರಾಜನೂ ಬಿಡ. ಸಭೆಯಲ್ಲಿ ಒಬ್ಬರ ಬಾಯಿಗೆ ಒಬ್ಬರು ಬಿದ್ದು ಕಿರುಚಾಡಿದರು, ಒಮ್ಮೆ ಒಬ್ಬನ ಶಾಲು ಇನ್ನೊಬ್ಬನ ಕೈಯಲ್ಲಿತ್ತು. ಸಂಘದವರು ಅದಕ್ಕೂ ಒಂದು ಸುಧಾರಣೆ ಕಂಡುಹಿಡಿದರು: ಒಬ್ಬನ ಎದುರು ಒಬ್ಬ ಕೂರುವುದೇ ಬೇಡ, ಒಬ್ಬೊಬ್ಬನೇ ಎದ್ದು ನಿಂತು ತನ್ನ ಪಾತ್ರದ ಭಾಷಣ ಮಾಡಲಿ. ಬ್ಯಾರಿ ವ್ಯಾಪಾರಿ ಒಮ್ಮೆ ಬಂದು ನೋಡಿ, "ಇದು ಮುನಿಸಿಪಾಲಿಟಿ ಚುನಾವಣೆಯಾ?" ಎಂದು ಕೇಳಿ ಎದ್ದುಹೋದರು. ಆಮೇಲೆ ಅವರೂ ಬರಲಿಲ್ಲ. ಪತ್ರಿಕೆಗಳು ಮಾತ್ರ ಕಲೆಯ ಪುನರುತ್ಥಾನವಾಯಿತೆಂದು ಬರೆದವು.

ಒಂದು ಸಂಜೆ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ ನಾನು ಮಾವನನ್ನು ಕೇಳಿಕೊಂಡೆ: "ಕುದುರೆ ಬಿಡುವಾಗ ಒಂದು ಮಾತು ಹೇಳುತ್ತಿದ್ದಿರಲ್ಲ, ಅದನ್ನು ಒಮ್ಮೆ ಹೇಳಿ."

ಮಾವನಿಗೆ ಖುಷಿಯಾಯಿತು. ನೆಟ್ಟಗೆ ಕೂತರು, ಶಾಲು ಸರಿಮಾಡಿಕೊಂಡರು. ರಾಜನ ವಾದವನ್ನೆಲ್ಲ ಹೇಳಿದರು. ಸ್ವರ ಮೊದಲಿನಂತೆಯೇ ತುಂಬಿ ಬಂತು. ಕೊನೆಗೆ ಆ ಜಾಗ ಬಂತು. ಸುಮ್ಮನಾದರು. ನಾನು ಕಾದೆ. ಅವರ ಹುಬ್ಬು ಗಂಟಾಯಿತು, ತುಟಿ ಅಲ್ಲಾಡಿತು. ಒಮ್ಮೆಲೇ ಅವರ ಮುಖ ಅರಳಿತು.

"ನೋಡು, ಅದಕ್ಕೂ ಉತ್ತರ ಉಂಟು!" ಎಂದು ಹೊಸದಾಗಿ ಹೊಳೆದ ವಾದವನ್ನು ಹೇಳತೊಡಗಿದರು. ಒಳ್ಳೆಯ ವಾದವೇ ಅದು.

"ಅದಲ್ಲ ಮಾವ, ಹಳೆಯದು."

"ಯಾವ ಹಳೆಯದು? ನೀನೇ ಶುರು ಮಾಡಿಕೊಡು."

ನಾನು ಬಾಯಿ ತೆರೆದೆ. ನನ್ನ ಬಳಿಯೂ ಅದು ಇರಲಿಲ್ಲ. ಸಭೆಯ ಮೌನ ನೆನಪಿತ್ತು, ಅವರ ಕುತ್ತಿಗೆ ಬಾಗಿದ ರೀತಿ ನೆನಪಿತ್ತು, ಮಾತು ಮಾತ್ರ ಹೋಗಿತ್ತು. ಅಷ್ಟೊಂದು ದೊಡ್ಡ ಮಾತು ನಿಜಕ್ಕೂ ಇತ್ತೋ, ಸಂಘದವರ ಮೇಲಿನ ಸಿಟ್ಟಿಗೆ ನಾನೇ ಅದನ್ನು ಬೆಳೆಸಿಕೊಂಡೆನೋ ಎಂಬುದು ನನಗೆ ಇಂದಿಗೂ ಇತ್ಯರ್ಥವಾಗಿಲ್ಲ. ಭಾಗವತರನ್ನು ಕೇಳಬಹುದಿತ್ತು, ಅಷ್ಟರಲ್ಲಿ ಅವರು ತೀರಿಹೋಗಿದ್ದರು.

ಮಾವ ಇನ್ನೂ ನನ್ನ ಮುಖ ನೋಡುತ್ತಿದ್ದರು. "ಎಂತ, ಸೋತೆಯಾ?" ಎಂದು ನಕ್ಕರು.